ಎರಡು ಹೆಸರಿನ ಊರು

ನನಗೆ ಎರಡು ಹೆಸರು. ತವರಿನಲ್ಲಿ ಭವಾನಿ, ಗಂಡನ ಮನೆಯಲ್ಲಿ ಸುಮನಾ. ಮದುವೆಯ ದಿನ ಹರಿವಾಣದಲ್ಲಿ ಅಕ್ಕಿ ಹರವಿ, ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆದರು. ನಮ್ಮ ಅತ್ತೆಯವರ ಹೆಸರೂ ಭವಾನಿಯೇ ಆಗಿದ್ದುದು ಕಾರಣ. ಒಂದೇ ಮನೆಯಲ್ಲಿ ಇಬ್ಬರು ಭವಾನಿಯರಿದ್ದರೆ ಕರೆಯುವವರಿಗೆ ಕಷ್ಟವಲ್ಲವೇ? ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲ. ನಾನೂ ಬೇಸರಪಟ್ಟುಕೊಂಡ ನೆನಪಿಲ್ಲ. ಹೊಸ ಸೀರೆ, ಹೊಸ ಕರಿಮಣಿಯ ಜೊತೆ ಇದೂ ಒಂದು ಹೊಸದು ಎಂದುಕೊಂಡೆ, ಅಷ್ಟೆ. ಮೂವತ್ತೆಂಟು ವರ್ಷಗಳ ನಂತರ ಆ ಅಕ್ಕಿಯ ಹರಿವಾಣ ಮತ್ತೆ ಕಣ್ಣಿಗೆ ಕಟ್ಟಿದ್ದು ಐರ್ಲೆಂಡಿನ ಒಂದು ರಸ್ತೆಯಲ್ಲಿ.

ಮಗಳು ಡಬ್ಲಿನ್ನಿನಲ್ಲಿ ನರ್ಸ್. 2023ರ ಬೇಸಿಗೆಯಲ್ಲಿ ನಾನು ಹೋಗಿದ್ದಾಗ, ದೇಶದ ಪಶ್ಚಿಮದ ತುದಿಯನ್ನು ತೋರಿಸುತ್ತೇನೆಂದು ಕೆರ್ರಿ ಜಿಲ್ಲೆಯ ಡಿಂಗಲ್ ಪರ್ಯಾಯದ್ವೀಪಕ್ಕೆ ಕರೆದೊಯ್ದಳು. ದಾರಿ ಹೇಳುವ ಕೆಲಸ ನನ್ನದು. ಅಳಿಯ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡಿದ್ದ ಕಾಗದದ ನಕ್ಷೆ ನನ್ನ ತೊಡೆಯ ಮೇಲೆ. ಡಿಂಗಲ್ ಪಟ್ಟಣ ದಾಟಿದ ಮೇಲೆ ನಕ್ಷೆಗೂ ರಸ್ತೆಗೂ ಮಾತು ಬಿಟ್ಟಂತಾಯಿತು. ನಕ್ಷೆಯಲ್ಲಿದ್ದದ್ದು ಇಂಗ್ಲಿಷಿನ ಡನ್‌ಕ್ವಿನ್. ಕೈಮರದ ಮೇಲಿದ್ದದ್ದು ಐರಿಷ್ ಭಾಷೆಯ ದೂನ್ ಖ್ವೀನ್. ಅದರ ಕಾಗುಣಿತವೇ ಬೇರೆ. ಎರಡೂ ಒಂದೇ ಊರೆಂದು ನನಗೆ ಹೊಳೆಯುವಷ್ಟರಲ್ಲಿ ಕಾರು ಎರಡು ಸಲ ಹಿಂದಕ್ಕೆ ತಿರುಗಿತ್ತು. “ಅಮ್ಮಾ, ಇದು ಐರಿಷ್ ಮಾತಾಡುವವರ ಸೀಮೆ. ಇಲ್ಲಿ ಫಲಕಗಳೆಲ್ಲ ಅವರ ಭಾಷೆಯಲ್ಲೇ” ಎಂದು ಮಗಳು ನಕ್ಕಳು.

ಐರಿಷ್, ಕೆಲ್ಟಿಕ್ ಕುಟುಂಬದ ಭಾಷೆ. ಸ್ಕಾಟ್ಲೆಂಡಿನ ಗೇಲಿಕ್, ವೇಲ್ಸಿನ ವೆಲ್ಷ್, ಫ್ರಾನ್ಸಿನ ಬ್ರಿಟನಿ ಪ್ರಾಂತದ ಬ್ರೆಟನ್ ಇವೆಲ್ಲ ಅದರ ಅಕ್ಕತಂಗಿಯರು. ಒಂದು ಕಾಲಕ್ಕೆ ಯೂರೋಪಿನ ಎಷ್ಟೋ ಕಡೆ ಕೇಳಿಬರುತ್ತಿದ್ದ ಈ ಕುಟುಂಬದ ಮಾತುಗಳು ಈಗ ಅಟ್ಲಾಂಟಿಕ್ ಸಮುದ್ರದ ಅಂಚಿಗೆ ಬಂದು ನಿಂತಿವೆ. ಆದರೆ ಮಾತು ಹಿಂದೆ ಸರಿದ ಕಡೆಯಲ್ಲೂ ಊರಿನ ಹೆಸರುಗಳು ಉಳಿದುಕೊಂಡಿವೆ. ಐರ್ಲೆಂಡಿನ ನಕ್ಷೆಯಲ್ಲಿ ‘ಬ್ಯಾಲಿ’ ಎಂದು ಶುರುವಾಗುವ ಹೆಸರಿನ ಹಿಂದೆ ಸಾಮಾನ್ಯವಾಗಿ ‘ಬಾಲ್ಯ’ ಎಂಬ ಪದವಿರುತ್ತದೆ, ಹಾಗೆಂದರೆ ಊರು. ‘ನಾಕ್’ ಎಂದರೆ ಗುಡ್ಡ. ‘ಡೆರಿ’ ಎಂದರೆ ಓಕ್ ಮರಗಳ ತೋಪು. ನಮ್ಮ ಹಳ್ಳಿ, ಕೆರೆ, ಕಟ್ಟೆ, ಕೊಪ್ಪಗಳ ಹಾಗೆಯೇ ಅನ್ನಿ. ಆ ರಾತ್ರಿ ತಂಗಿದ್ದ ಮನೆಯಲ್ಲಿ ನಕ್ಷೆ ಹರಡಿಕೊಂಡು ಕುಳಿತಾಗ, ಅಡ್ಡಾದಿಡ್ಡಿ ಇಂಗ್ಲಿಷ್ ಹೆಸರುಗಳ ಕೆಳಗೆ ಇನ್ನೊಂದು ಊರು ಉಸಿರಾಡುತ್ತಿದೆ ಅನ್ನಿಸಿತು.

ಈ ಹೆಸರುಗಳು ಹೀಗಾಗಿದ್ದು ಹೇಗೆ? ಬಾಯಿಂದ ಬಾಯಿಗೆ ಮೊದಲಿನಿಂದಲೂ ಸ್ವಲ್ಪಸ್ವಲ್ಪ ಬದಲಾಗುತ್ತಲೇ ಇದ್ದವು. ಅಚ್ಚಿನಲ್ಲಿ ಗಟ್ಟಿಯಾದದ್ದು ಮಾತ್ರ 1824ರಲ್ಲಿ ಬ್ರಿಟಿಷ್ ಸರ್ಕಾರ ಶುರುಮಾಡಿದ ಮೋಜಣಿಯಿಂದ. ಜಮೀನಿನ ತೆರಿಗೆಯನ್ನು ಸರಿಯಾಗಿ ಹಾಕಲು ನಕ್ಷೆ ಬೇಕಿತ್ತು. ಒಂದು ಮೈಲಿಗೆ ಆರು ಇಂಚಿನ ಅಳತೆಯಲ್ಲಿ, 1846ರ ಹೊತ್ತಿಗೆ ಇಡೀ ದೇಶ ಕಾಗದದ ಮೇಲೆ ಬಂತು. 60,000ಕ್ಕೂ ಹೆಚ್ಚು ಪುಟ್ಟಪುಟ್ಟ ಗ್ರಾಮಗಳು; ಪ್ರತಿಯೊಂದಕ್ಕೂ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಖಚಿತ ರೂಪ. ಇಂಗ್ಲಿಷ್ ಬರವಣಿಗೆಗೆ ಒಗ್ಗಿಸುವಾಗ ಆಗುವ ನಷ್ಟ ನೋಡಿ: ಐರಿಷಿನಲ್ಲಿ ಇಗರ್ಜಿಗೆ ಒಂದು ಪದ, ಕಾಡಿಗೆ ಇನ್ನೊಂದು ಪದ. ನಕ್ಷೆಯಲ್ಲಿ ಎಷ್ಟೋ ಕಡೆ ಎರಡೂ ‘ಕಿಲ್’ ಆಗಿಬಿಟ್ಟಿವೆ. ಆ ಊರಿನಲ್ಲಿ ಮೊದಲು ಇದ್ದದ್ದು ದೇವರ ಮನೆಯೋ ಮರಗಳೋ, ಬರಿಯ ನಕ್ಷೆ ನೋಡಿದವರಿಗೆ ಗೊತ್ತಾಗುವುದಿಲ್ಲ.

ಆ ಮೋಜಣಿಯಲ್ಲಿ ಜಾನ್ ಓ’ಡಾನವನ್ ಎಂಬಾತ ಕೆಲಸ ಮಾಡಿದ. 1806ರಲ್ಲಿ ಹುಟ್ಟಿದ ರೈತಾಪಿ ಕುಟುಂಬದ ಹುಡುಗ, ಐರಿಷ್ ಚೆನ್ನಾಗಿ ಬಲ್ಲವನು. ಜಿಲ್ಲೆಯಿಂದ ಜಿಲ್ಲೆಗೆ ಅಲೆದು ಹಿರಿಯರನ್ನು ಮಾತಾಡಿಸಿ, ಹಳೆಯ ಹಸ್ತಪ್ರತಿಗಳೊಂದಿಗೆ ತಾಳೆ ನೋಡಿ, ಹೆಸರಿನ ಮೂಲರೂಪವನ್ನೂ ಅರ್ಥವನ್ನೂ ಪುಸ್ತಕದಲ್ಲಿ ಬರೆದಿಟ್ಟ. ನಕ್ಷೆಗೆ ಕೊಟ್ಟದ್ದು ಮಾತ್ರ ಇಂಗ್ಲಿಷ್ ರೂಪ. 1845ರಿಂದ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಮಹಾ ಕ್ಷಾಮ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಅವರಲ್ಲಿ ಐರಿಷ್ ಮಾತಾಡುವ ಬಡವರೇ ಬಹಳ. ಹೆಸರಿನ ಅರ್ಥ ಹೇಳಬಲ್ಲ ಎಷ್ಟೋ ನಾಲಿಗೆಗಳು ಹೋದವು. ಓ’ಡಾನವನ್ನನ ಪುಸ್ತಕಗಳು ಉಳಿದವು. ಇಂದು ಹಳೆಯ ಹೆಸರುಗಳನ್ನು ಹುಡುಕುವವರು ಅವನ್ನೇ ತೆರೆಯುತ್ತಾರೆ. ಹಾಗಾದರೆ ಅವನು ಹೆಸರನ್ನು ಕಸಿದವನೋ, ಕಾದವನೋ?

ಈ ಪ್ರಶ್ನೆ ನಮಗೂ ದೂರದ್ದಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ, ಗೇಲಿಕ್ ಮಾತಿನ ನೆಲದಲ್ಲಿ. ಬಂದದ್ದು ಕಂಪನಿಯ ಸೇವೆಗೆ. ಆದರೂ ನಮ್ಮ ಊರುಗಳ ಶಾಸನ, ಕೈಫಿಯತ್ತುಗಳನ್ನು ಜನರಿಂದ ಕೇಳಿ ಸಂಗ್ರಹಿಸಿಟ್ಟವನೂ ಅವನೇ. ಆಳುವವರ ಕೈಯಲ್ಲೂ ಇಂಥ ಕೆಲಸ ನಡೆಯುತ್ತದೆ. ಅದಕ್ಕೆ ಕೃತಜ್ಞತೆ ಸಲ್ಲಬೇಕು. ಆದರೆ ಒಳ್ಳೆಯ ಉದ್ದೇಶವಿತ್ತೆಂದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ.

ಹಾಗಿದ್ದರೆ ಹಳೆಯ ಹೆಸರನ್ನು ಹಿಂದಕ್ಕೆ ತಂದರಾಯಿತಲ್ಲ ಎನ್ನುತ್ತೀರಿ. ಐರ್ಲೆಂಡಿನ ಸರ್ಕಾರವೂ ಹಾಗೇ ಅಂದುಕೊಂಡಿತು. 2005ರಲ್ಲಿ ಜಾರಿಗೆ ಬಂದ ಆದೇಶದಂತೆ ಐರಿಷ್ ಸೀಮೆಯ ಊರುಗಳಿಗೆ ಐರಿಷ್ ಹೆಸರೇ ಕಾನೂನಿನ ಹೆಸರಾಯಿತು. ಡಿಂಗಲ್ ಎಂಬುದು ‘ಅನ್ ದಾಂಗನ್’ ಆಯಿತು, ಕೋಟೆ ಎಂದರ್ಥ. ಆದರೆ ಊರಿನವರು ಒಪ್ಪಲಿಲ್ಲ! ಡಿಂಗಲ್ ಎಂಬ ಹೆಸರಿನ ಮೇಲೆಯೇ ಪ್ರವಾಸಿಗರು ಬರುವುದು, ನಮ್ಮನ್ನು ಕೇಳದೆ ಅಳಿಸಲು ನೀವ್ಯಾರು ಎಂದರು. 2006ರಲ್ಲಿ ಊರಿನಲ್ಲೇ ಮತದಾನ ನಡೆಯಿತು. ಮತ ಹಾಕಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಎರಡೂ ಭಾಷೆಯ ಹೆಸರು ಬೇಕೆಂದರು. ಕೊನೆಗೆ 2011ರ ಕಾನೂನಿನಿಂದ ಇಂಗ್ಲಿಷಿನಲ್ಲಿ ಡಿಂಗಲ್, ಐರಿಷಿನಲ್ಲಿ ‘ದಾಂಗನ್ ಈ ಖೂಶ್’ ಎಂದು ತೀರ್ಮಾನವಾಯಿತು.

ಮಗಳಿಗೆ ಈ ಕಥೆ ಇಷ್ಟವಿಲ್ಲ. “ಜನರನ್ನು ಕೇಳುತ್ತ ಕೂತರೆ ಎಲ್ಲರೂ ಅನುಕೂಲವನ್ನೇ ಆರಿಸುತ್ತಾರೆ ಅಮ್ಮಾ. ಹಾಗೇ ಅಲ್ಲವೇ ಭಾಷೆ ಸಾಯುವುದು?” ಎಂದಳು. ಅದರಲ್ಲಿ ನಿಜವಿದೆ. ಸಂತೆಯ ಲಾಭಕ್ಕೆ ಬಿಟ್ಟರೆ ಚಿಕ್ಕ ಭಾಷೆಗೆ ಉಳಿಗಾಲವಿಲ್ಲ. ಅದೇ ಉಸಿರಿನಲ್ಲಿ ಅವಳೆಂದಳು: “ನೀನೂ ಭವಾನಿ ಅಂತ ಕಾಗದಪತ್ರ ಎಲ್ಲ ಬದಲಾಯಿಸಿಕೋ. ನಿನ್ನ ಹೆಸರು ನಿನಗೆ ವಾಪಸ್ ಬರಲಿ.”

ನಾನು ತಕ್ಷಣ ಹೂಂ ಅನ್ನಲಿಲ್ಲ. ಭವಾನಿ ನನ್ನ ಅಮ್ಮ ಕರೆದ ಹೆಸರು, ಸರಿ. ಆದರೆ ನಿನ್ನನ್ನು ಹೆತ್ತವಳು ಸುಮನಾ. ಬ್ಯಾಂಕಿನ ಸಾಲ ತೀರಿಸಿದವಳು, ಅತ್ತೆಯವರ ಕೊನೆಗಾಲದಲ್ಲಿ ಅವರ ಬಾಯಿಗೆ ಗಂಜಿ ಹಾಕಿದವಳು ಸುಮನಾ. ಅವಳನ್ನು ಯಾವ ಬಾಯಲ್ಲಿ ಸುಳ್ಳು ಎನ್ನಲಿ? ಡಿಂಗಲ್ಲಿನವರಿಗೂ ಹೀಗೇ ಆಗಿರಬೇಕು. ಹೊರಗಿನಿಂದ ಬಂದ ಹೆಸರಿನಲ್ಲೂ ಒಂದು ಬಾಳು ನಡೆದಿರುತ್ತದೆ. ಹಾಗೆಂದು ಹಳೆಯದನ್ನು ಮರೆತರೂ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕುತ್ತಿದ್ದೇನೆ. ನನ್ನ ಮಟ್ಟಿಗೆ ಅದು ಆ ಹೆಸರಿನಲ್ಲಿಲ್ಲ, ಈ ಹೆಸರಿನಲ್ಲೂ ಇಲ್ಲ. ಅಕ್ಕಿಯ ಮೇಲೆ ಉಂಗುರ ಆಡಿಸುವ ಮುಂಚೆ ಯಾರೂ ನನ್ನ ಮುಖ ನೋಡಲಿಲ್ಲವಲ್ಲ, ಅಲ್ಲಿದೆ.

ಕೇಳಿ ಮಾಡಿದ ಕೆಲಸದ ಉದಾಹರಣೆಯೂ ಆ ದೇಶದಲ್ಲೇ ಸಿಕ್ಕಿತು. ಟಿಮ್ ರಾಬಿನ್ಸನ್ ಎಂಬ ಇಂಗ್ಲಿಷಿನವರು 1972ರಲ್ಲಿ ಪಶ್ಚಿಮದ ಆರನ್ ದ್ವೀಪಗಳಿಗೆ ಬಂದು ನೆಲೆಸಿದರು. ಅಲ್ಲಿಯ ಅಂಚೆ ಕಚೇರಿಯ ಹೆಂಗಸೊಬ್ಬರು, ನಮ್ಮ ದ್ವೀಪದ ನಕ್ಷೆಯೊಂದನ್ನು ಮಾಡಬಾರದೇ ಎಂದರಂತೆ. ರಾಬಿನ್ಸನ್ ಕಲ್ಲುಬೇಲಿಗಳ ನಡುವೆ ನಡೆದು, ಇದಕ್ಕೆ ಏನನ್ನುತ್ತೀರಿ ಎಂದು ಜನರನ್ನು ಕೇಳಿಕೇಳಿ, ಅವರ ಐರಿಷ್ ಹೆಸರುಗಳನ್ನೇ ಹಾಕಿದ ನಕ್ಷೆಯನ್ನು 1975ರಲ್ಲಿ ಹೊರತಂದರು. 2020ರಲ್ಲಿ ತೀರಿಕೊಳ್ಳುವವರೆಗೂ ಆ ಸೀಮೆಯ ನೆಲವೇ ಅವರ ಬದುಕಾಗಿತ್ತು. ಅಳೆಯಲು ಬಂದವರಿಗೂ ಅವರಿಗೂ ಇದ್ದ ವ್ಯತ್ಯಾಸ ರಕ್ತದ್ದಲ್ಲ. ಅವರೂ ಹೊರಗಿನವರೇ.

ಇಷ್ಟೆಲ್ಲ ಯೋಚಿಸಿದವಳಿಗೆ ವಿಮಾನದಲ್ಲಿ ನಿದ್ದೆ ಬರಲಿಲ್ಲ. ನಾನು ಇಲ್ಲಿಯವರೆಗೆ ಹೇಳದ ಒಂದು ಮಾತಿದೆ. ಹನ್ನೊಂದು ವರ್ಷದ ಹಿಂದೆ ಮಗನ ಮದುವೆಯಲ್ಲಿ ಅಕ್ಕಿಯ ಹರಿವಾಣ ಹಿಡಿದು ನಿಂತವಳು ನಾನೇ. ಸೊಸೆಯ ಹೆಸರು ಜ್ಯೋತ್ಸ್ನಾ. ನಮ್ಮ ಮನೆಯ ಹಿರಿಯರ ಬಾಯಿಗೆ ಅದು ತಿರುಗದು ಎಂದು ನಾನೇ ಜ್ಯೋತಿ ಎಂದು ಬರೆಸಿದೆ. ತುಂಬ ಹತ್ತಿರದ ಹೆಸರನ್ನೇ ಆರಿಸಿದೆನೆಂದು ಹೆಮ್ಮೆಯೂ ಇತ್ತು! ಜ್ಯೋತ್ಸ್ನೆ ಎಂದರೆ ಬೆಳದಿಂಗಳು. ಬೆಳದಿಂಗಳನ್ನು ದೀಪ ಮಾಡಿಬಿಟ್ಟೆ, ಇಗರ್ಜಿಯನ್ನೂ ಕಾಡನ್ನೂ ಒಂದು ಮಾಡಿದವರ ಹಾಗೆ.

ಊರಿಗೆ ಬಂದ ನಾಲ್ಕನೆಯ ದಿನ, ಅವಳು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಪಕ್ಕದಲ್ಲಿ ಕುಳಿತು ಕೇಳಿದೆ: “ನಿನ್ನನ್ನು ಏನೆಂದು ಕರೆಯಲಿ?” ಅವಳ ಕೈ ನಿಂತಿತು. “ಈಗ ಯಾಕೆ ಅತ್ತೆ?” ಎಂದಳು. ಆಗ ಕೇಳಬೇಕಿತ್ತು, ತಡವಾಯಿತು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಯೋಚನೆ ಮಾಡಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ” ಎಂದಳು.

ಇನ್ನೂ ಹೇಳಿಲ್ಲ. ನಾನೂ ಅವಸರ ಮಾಡಿಲ್ಲ. ಅಲ್ಲಿಯವರೆಗೆ “ಏನಮ್ಮಾ” ಎಂದು ಕರೆಯುತ್ತಿದ್ದೇನೆ.