ಎರಡು ಯುದ್ಧ ಕಂಡ ನಾವಿಕ



ಬೆಳಗಾವಿಯಿಂದ ಗೋವೆಗೆ ತರಕಾರಿ ಒಯ್ಯುವ ನಮ್ಮವರು ಜುವಾರಿ ನದಿಯ ದಂಡೆಯ ಸಾಂಕೋಲೆಯನ್ನು ಬಲ್ಲರು. ಅದರ ಪಕ್ಕದ ಮುರಗಾಂವ ಬಂದರಿಗೆ 1943ರ ಮಾರ್ಚಿಯಲ್ಲಿ ಮಹಾಯುದ್ಧವೇ ಬಂದಿತ್ತು. ಬ್ರಿಟಿಷರು ದಾಳಿಯಿಟ್ಟಾಗ, ಅಲ್ಲಿ ಆಶ್ರಯ ಪಡೆದಿದ್ದ ಜರ್ಮನ್ ಹಡಗುಗಳನ್ನು ಅವುಗಳ ನಾವಿಕರೇ ಮುಳುಗಿಸಿದರು.

ಆ ಕಾಲದಲ್ಲಿ ಗೋವೆಯ ಅನೇಕರು ಬ್ರಿಟಿಷ್ ಹಡಗುಗಳಲ್ಲಿ ಅಡಿಗೆಯವರಾಗಿ, ಬಡಿಸುವವರಾಗಿ ದುಡಿಯುತ್ತಿದ್ದರು. 1914ರಲ್ಲಿ ಇಪ್ಪತ್ತರ ಹರೆಯದವನಿಗೆ 1939ರಲ್ಲಿ ನಲವತ್ತೈದು ವರ್ಷ. ಮೊದಲ ಯುದ್ಧದಲ್ಲಿ ಹಡಗು ಮುಳುಗುವುದನ್ನು ಕಂಡವನೂ ಎರಡನೆಯದರಲ್ಲಿ ಮತ್ತೆ ಹಡಗು ಹತ್ತಿದ. ಎರಡೂ ಯುದ್ಧಗಳಲ್ಲಿ ಕಡಲೇ ಸಮಾಧಿಯಾದ ಭಾರತೀಯ ನಾವಿಕರ ಸ್ಮಾರಕಗಳು ಮುಂಬಯಿಯ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿವೆ.

ದಯೆಯನ್ನು ಧರ್ಮವೆಂದು ನಂಬಿದ ನಾವು ಯುದ್ಧದ ಹಡಗಿನಲ್ಲಿ ದುಡಿದವನಿಗೆ ಕೈ ಮುಗಿಯಬಹುದೇ? ಹೊಟ್ಟೆಪಾಡೆಂದ ಮಾತ್ರಕ್ಕೆ ಎಲ್ಲ ದುಡಿಮೆಯೂ ಕಾಯಕವಾಗದು. ಕಳಪೆ ಬೀಜ ಮಾರುವವನೂ ಹೊಟ್ಟೆಪಾಡೆನ್ನುತ್ತಾನೆ. ಆದರೆ ಅವನು ಅಪಾಯವನ್ನು ರೈತನ ತಲೆಗೆ ಕಟ್ಟುತ್ತಾನೆ. ಈ ನಾವಿಕ ಅದನ್ನು ತಾನೇ ಹೊತ್ತ; ಸಹಯಾತ್ರಿಗಳಿಗೆ ಅನ್ನ ಬೇಯಿಸಿದ. ಯುದ್ಧ ಸಾರಿದವರು ಬೇರೆ, ಅದರಲ್ಲಿ ಮುಳುಗಿದವರು ಬೇರೆ.

ಆದ್ದರಿಂದ ಯುದ್ಧವನ್ನು ಹೊಗಳದೆ ಆ ಹಿರಿಯನನ್ನು ನೆನೆಯೋಣ. ನಮ್ಮ ಅಂಗಡಿ, ಹೊಲಗಳ ಲಾಭದಲ್ಲಿ ಯಾರ ಮೇಲೆ ಅಪಾಯ ಹೊರಿಸಿದ್ದೇವೆಂದು ನಾವೂ ಕೇಳಿಕೊಳ್ಳೋಣ.