ಕೊಳಗ ಒಂದೇ ಇರಲಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇಂದು ಮಕ್ಕಳನ್ನು ಹೊರದೇಶಕ್ಕೆ ಕಳಿಸಿರುವ ಮನೆಗಳು ಅಪರೂಪವಲ್ಲ. ಒಬ್ಬರ ಮಗ ಕೊಲ್ಲಿ ದೇಶದಲ್ಲಿ, ಮತ್ತೊಬ್ಬರ ಮಗಳು ಅಮೆರಿಕದಲ್ಲಿ. ಫೋನಿನಲ್ಲಿ ತಂದೆತಾಯಿ ಊಟ, ಆರೋಗ್ಯ, ಚಳಿ, ಕೆಲಸ ಎಲ್ಲವನ್ನೂ ವಿಚಾರಿಸುತ್ತಾರೆ. ಆದರೆ ಎರಡು ಪ್ರಶ್ನೆಗಳು ಕೇಳದೆಯೇ ಉಳಿದುಬಿಡುತ್ತವೆ. ‘ಅಲ್ಲಿಯ ಜನ ನಿನ್ನನ್ನು ಸಮಾನವಾಗಿ ಕಾಣುತ್ತಾರೆಯೇ?’ ಎಂಬುದು ಒಂದು. ‘ಅಲ್ಲಿರುವ ನಮ್ಮವರು ಒಬ್ಬರನ್ನೊಬ್ಬರು ಹೇಗೆ ಕಾಣುತ್ತೀರಿ?’ ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಲು ಭಯ, ಎರಡನೆಯದನ್ನು ಕೇಳಲು ಸಂಕೋಚ.

ಭಯಕ್ಕೆ ಕಾರಣವಿದೆ. 1914ರಲ್ಲಿ ‘ಕೊಮಗಾಟ ಮಾರು’ ಎಂಬ ಹಡಗಿನಲ್ಲಿ 376 ಮಂದಿ ಭಾರತೀಯರು ಕೆನಡಾದ ವ್ಯಾಂಕೂವರ್ ತಲುಪಿದಾಗ, ಹಡಗನ್ನು ಎರಡು ತಿಂಗಳು ತಡೆದು ನಿಲ್ಲಿಸಿ, ಕೆಲವರನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದಕ್ಕಟ್ಟಿದರು. ಕೊಲ್ಲಿ ದೇಶಗಳಲ್ಲಿ ಒಂದೇ ಕೆಲಸಕ್ಕೆ ಪಾಸ್‌ಪೋರ್ಟ್ ನೋಡಿ ಸಂಬಳ ಕೊಡುವ ರೂಢಿಯನ್ನು ಅಲ್ಲಿ ದುಡಿದು ಬಂದವರು ಬಲ್ಲರು. 2017ರ ಫೆಬ್ರವರಿಯಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಶ್ರೀನಿವಾಸ ಕೂಚಿಭೋಟ್ಲ ಎಂಬ ತೆಲುಗು ಇಂಜಿನಿಯರರನ್ನು, ತನ್ನ ದೇಶ ಬಿಟ್ಟು ತೊಲಗುವಂತೆ ಕೂಗಾಡಿದ ಬಿಳಿಯನೊಬ್ಬ ಗುಂಡಿಟ್ಟು ಕೊಂದ. ಅವನನ್ನು ತಡೆಯಲು ಹೋಗಿ ಗುಂಡೇಟು ತಿಂದ ಇಯಾನ್ ಗ್ರಿಲ್ಲಟ್ ಕೂಡ ಬಿಳಿಯನೇ. ಬಣ್ಣ ನೋಡಿ ಮನುಷ್ಯನನ್ನು ಅಳೆಯಬಾರದು ಎಂಬುದಕ್ಕೆ ಆ ಒಂದೇ ಸಂಜೆ ಸಾಕು.

ಅಳೆಯುವ ಮಾತು ಬಂದಾಗ ನಮ್ಮ ಸೀಮೆಯವರಿಗೆ ಕಾಗೋಡು ನೆನಪಾಗದೆ ಇರದು. ಸಾಗರ ತಾಲೂಕಿನ ಆ ಊರಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಡಾ. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಜಗಳದ ಮೂಲ ಭತ್ತ ಅಳೆಯುವ ಕೊಳಗ. ಗೇಣಿ ಅಳೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದಿರುತ್ತದೆ ಎಂಬುದು ರೈತರ ದೂರು. ತೆಗೆದುಕೊಳ್ಳುವಾಗ ದೊಡ್ಡ ಕೊಳಗ, ಕೊಡುವಾಗ ಸಣ್ಣ ಕೊಳಗ! ಅನ್ಯಾಯವನ್ನು ಇದಕ್ಕಿಂತ ಸರಳವಾಗಿ ವಿವರಿಸಲಾಗದು. ಯೇಸುಸ್ವಾಮಿ ಕೂಡ ತೀರ್ಪಿನ ವಿಷಯ ಹೇಳುವಾಗ ಅಳತೆಯ ಮಾತನ್ನೇ ಎತ್ತಿ ಎಚ್ಚರಿಸಿದರು. ಗೌರವದ ವಿಷಯದಲ್ಲಿ ನಾವು ಎರಡು ಕೊಳಗ ಇಟ್ಟುಕೊಂಡಿಲ್ಲವೇ?

ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯನ್ನು ನೋಡೋಣ. ಪಂಜಾಬಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಈ ಸಿಖ್ಖರು ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿಯ ಸೈನ್ಯದಲ್ಲಿ ಸೇವೆ ಸಲ್ಲಿಸಿದರು. ಆಗ ಬಿಳಿಯರಿಗೂ ಆಫ್ರಿಕ ಮೂಲದವರಿಗೂ ಮಾತ್ರ ಪೌರತ್ವ ಕೊಡುವ ಕಾನೂನಿತ್ತು. ಈ ಕಾನೂನೇ ತಪ್ಪು ಎಂದು ಅವರ ಪರವಾಗಿ ವಾದಿಸಲಿಲ್ಲ. ಅವರು ಮೇಲ್ಜಾತಿಯ ಆರ್ಯರು, ಆದ್ದರಿಂದ ಬಿಳಿಯರೇ ಎಂದು ವಾದಿಸಲಾಯಿತು. ಬಿಳಿಯರು ಕಪ್ಪು ಜನರನ್ನು ಕಾಣುವಂತೆಯೇ ಮೇಲ್ಜಾತಿಯವರು ಕೆಳಗಿನವರನ್ನು ಕಾಣುತ್ತಾರೆ ಎಂಬುದನ್ನೇ ಅರ್ಹತೆಯಾಗಿ ಮುಂದಿಟ್ಟರು. 1923ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಆಗಲೇ ಪೌರತ್ವ ಪಡೆದಿದ್ದ ಇತರ ಭಾರತೀಯರೂ ಅದನ್ನು ಕಳೆದುಕೊಳ್ಳಬೇಕಾಯಿತು. ಥಿಂಡ್ ಅವರಿಗೆ ಆದದ್ದು ಅನ್ಯಾಯವೇ, ಸಂಶಯವಿಲ್ಲ. ಆದರೆ ಆ ವಾದ ಕೇಳಿದ್ದು ಸರಿಯಾದ ಕೊಳಗವನ್ನಲ್ಲ, ದೊಡ್ಡ ಕೊಳಗದ ಪಕ್ಕದಲ್ಲಿ ಒಂದು ಜಾಗವನ್ನು. ನೋವು ಉಂಡವನು ನೋವಿನಿಂದಲೇ ನ್ಯಾಯವಂತನಾಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ತಾಲೂಕಿನವರದೇ ಒಂದು ಉದಾಹರಣೆ ಬೇರೆ ದಾರಿ ತೋರುತ್ತದೆ. ತೀರ್ಥಹಳ್ಳಿಯ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರು 1960ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದರು. ಆ ನಗರದ ಪಕ್ಕದಲ್ಲೇ ಇರುವ ಸ್ಮೆಥಿಕ್‌ನಲ್ಲಿ 1964ರ ಚುನಾವಣೆ ವರ್ಣದ್ವೇಷದ ಘೋಷಣೆಗಳಿಗೆ ಕುಖ್ಯಾತವಾಯಿತು. ಅಲ್ಲಿಯ ಮದ್ಯದಂಗಡಿಗಳಲ್ಲಿ ಭಾರತೀಯರನ್ನು ಬಿಳಿಯರ ಜೊತೆ ಕೂರಿಸುತ್ತಿರಲಿಲ್ಲ. 1965ರ ಫೆಬ್ರವರಿಯಲ್ಲಿ ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಂ ಎಕ್ಸ್ ಅವರು ಭಾರತೀಯ ಕಾರ್ಮಿಕರ ಸಂಘದ ಕರೆಗೆ ಓಗೊಟ್ಟು ಆ ಊರಿಗೆ ಬಂದಿದ್ದರು. ಅಂಥ ನೆರೆಯಲ್ಲಿ ಕುಳಿತು ಅನಂತಮೂರ್ತಿಯವರು ಬರೆದ ‘ಸಂಸ್ಕಾರ’ ಅದೇ 1965ರಲ್ಲಿ ಪ್ರಕಟವಾಯಿತು. ಬಿಳಿಯರ ದೋಷ ಅದರ ವಿಷಯವಲ್ಲ. ಅಗ್ರಹಾರದಲ್ಲಿ ಕಟ್ಟಳೆ ಮೀರಿದವನೊಬ್ಬ ಸತ್ತಾಗ ಅವನ ಶವವನ್ನು ಸುಡಲು ಸ್ವಂತ ಜನರೇ ಹಿಂಜರಿದದ್ದು ಅದರ ಕತೆ. ಕೊನೆಗೆ ನೆರವಿಗೆ ಬರುವವನು ಒಬ್ಬ ಮುಸಲ್ಮಾನ. ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರಿಯದವನನ್ನು ಬಲ್ಲ ನಮಗೆ ಇದು ಅರ್ಥವಾಗದ ಕತೆಯೇನಲ್ಲ. ಪರದೇಶದಲ್ಲಿ ಕುಳಿತು ತನ್ನ ಮನೆಯ ಕೊಳಗವನ್ನು ಪರೀಕ್ಷಿಸಲು ಧೈರ್ಯ ಬೇಕು.

ಆ ಪರೀಕ್ಷೆ ಇಂದಿಗೂ ಮುಗಿದಿಲ್ಲ. 2020ರಲ್ಲಿ ಕ್ಯಾಲಿಫೋರ್ನಿಯ ಸರಕಾರವು ಸಿಸ್ಕೊ ಕಂಪನಿಯ ಮೇಲೆ ಮೊಕದ್ದಮೆ ಹೂಡಿ, ಅಲ್ಲಿ ದಲಿತ ಇಂಜಿನಿಯರೊಬ್ಬರನ್ನು ಭಾರತೀಯ ಮೇಲಧಿಕಾರಿಗಳೇ ಜಾತಿಯ ಕಾರಣಕ್ಕೆ ತುಳಿದರೆಂದು ಆಪಾದಿಸಿತು. ಕಂಪನಿ ಅದನ್ನು ನಿರಾಕರಿಸಿತು. ಇಬ್ಬರು ಅಧಿಕಾರಿಗಳ ಮೇಲಿನ ದಾವೆಯನ್ನು 2023ರಲ್ಲಿ ಸರಕಾರವೇ ಹಿಂತೆಗೆದುಕೊಂಡಿತು. ಅದೇ ವರ್ಷ ಸಿಯಾಟಲ್ ನಗರವು ಜಾತಿ ತಾರತಮ್ಯವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರವಾಯಿತು. ಕ್ಯಾಲಿಫೋರ್ನಿಯದ ಶಾಸನಸಭೆಯೂ ಅಂಥ ಮಸೂದೆಯನ್ನು ಅಂಗೀಕರಿಸಿತು. ಇರುವ ಕಾನೂನೇ ಸಾಕೆಂದು ಗವರ್ನರ್ ಅದಕ್ಕೆ ಸಹಿ ಹಾಕಲಿಲ್ಲ.

ಇಂಥ ಕಾನೂನು ಬಂದರೆ ಎಲ್ಲ ಭಾರತೀಯರನ್ನೂ ಅನುಮಾನದಿಂದ ನೋಡುತ್ತಾರೆ ಎಂದು ವಿರೋಧಿಸಿದವರಿದ್ದಾರೆ. ಆ ಆತಂಕವನ್ನು ಹಗುರವಾಗಿ ಕಾಣಬಾರದು. ಒಂದು ಸಮುದಾಯದಲ್ಲಿ ಹುಟ್ಟಿದವನೆಂಬ ಕಾರಣಕ್ಕೇ ಯಾರನ್ನಾದರೂ ಅಪರಾಧಿ ಎನ್ನುವುದೂ ಪೂರ್ವಗ್ರಹವೇ. ಆದರೆ ಮನೆಯ ಮಾನ ಹೋಗುತ್ತದೆಂದು ಮನೆಯೊಳಗೆ ಪೆಟ್ಟು ತಿಂದವನ ಬಾಯಿ ಮುಚ್ಚಿಸಿದರೆ ಮಾನ ಉಳಿಯುತ್ತದೆಯೇ? ತನ್ನ ಭಾಷೆಯವರನ್ನು ಹುಡುಕಿಕೊಂಡು ಹೋಗುವುದು, ಕನ್ನಡ ಸಂಘದಲ್ಲಿ ಕಲೆಯುವುದು, ತನ್ನ ಊರಿನ ಅಡಿಗೆ ಹಂಚಿಕೊಳ್ಳುವುದು ತಪ್ಪಲ್ಲ. ಪರದೇಶದಲ್ಲಿ ಅದು ದೊಡ್ಡ ಆಸರೆ. ಅಡ್ಡಹೆಸರು ಕೇಳಿ, ಊಟದ ಪದ್ಧತಿ ವಿಚಾರಿಸಿ, ಬಂದವನ ಜಾತಿ ತಿಳಿದ ಮೇಲೆ ಬಾಗಿಲು ಅರ್ಧ ಮುಚ್ಚುವುದು ತಪ್ಪು.

ಈ ಪಾಪ ನಮ್ಮ ಬಾಗಿಲಿಗೆ ಬಂದಿಲ್ಲ ಎಂದು ಕ್ರೈಸ್ತರಾದ ನಾವು ಹೇಳುವಂತಿಲ್ಲ. ಧರ್ಮಸಭೆಯೊಳಗೂ ಅಸ್ಪೃಶ್ಯತೆ ಉಳಿದಿದೆ ಎಂದು 2016ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರೇ ತಮ್ಮ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದ್ದಾರೆ. ಇನ್ನು ನಮ್ಮ ರಾಜ್ಯದ ಮಾತು. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ರೈಲು ಹತ್ತಿದರು. ನಮ್ಮ ನಡುವೆ ಅವರಿಗೆ ಧೈರ್ಯ ಹೇಳುವ ನೆರೆಯವರು ಸಾಕಷ್ಟು ಇರಲಿಲ್ಲವೆಂದಲ್ಲವೇ ಅದರ ಅರ್ಥ? ತೋಟದ ಕೆಲಸಕ್ಕೆ ಅಸ್ಸಾಮಿನಿಂದ, ಬಿಹಾರದಿಂದ ಬಂದ ಹುಡುಗನೂ ಯಾವುದೋ ತಾಯಿಯ ‘ಹೊರದೇಶದಲ್ಲಿರುವ’ ಮಗನೇ. ಅವನ ಹೆಸರು ನಮಗೆ ಗೊತ್ತೇ? ಅಡಿಕೆ ಸುಲಿಯಲು ಬಂದವರಿಗೆ ಜಗಲಿಯ ತುದಿಯಲ್ಲಿ ಬೇರೆ ಲೋಟ ಇಡುತ್ತೇವೆಯೇ? ‘ಘಟ್ಟದ ಕೆಳಗಿನವರು’, ‘ಹೊರಗಿನವರು’ ಎಂಬ ಮಾತು ನಮ್ಮ ಬಾಯಿಂದ ಯಾವ ಧಾಟಿಯಲ್ಲಿ ಬರುತ್ತದೆ?

ಮಕ್ಕಳು ಇದನ್ನೆಲ್ಲ ನೋಡುತ್ತಿರುತ್ತಾರೆ. ಹೊರಡುವ ಮಗನಿಗೆ ನಾವು ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಕಟ್ಟಿ ಕೊಡುತ್ತೇವೆ. ಅದರ ಜೊತೆಗೆ ಮನೆಯ ಕೊಳಗವೂ ಹೇಳದೆ ಕೇಳದೆ ಹೋಗಿಬಿಡುತ್ತದೆ. ಅವನಿಗೆ ಅಲ್ಲಿ ಅವಮಾನವಾದರೆ ಅದನ್ನು ನುಂಗಿಕೊಳ್ಳಬೇಡ, ಕಾನೂನಿದೆ, ಕೇಳು ಎಂದು ಧೈರ್ಯ ಹೇಳೋಣ. ಅವನ ಕೋಣೆಯ ಜೊತೆಗಾರ ಯಾವ ಜಾತಿ, ಯಾವ ಮತ ಎಂದು ಕೇಳುವುದನ್ನು ಬಿಟ್ಟು, ಆ ಹುಡುಗನಿಗೆ ಕಾಯಿಲೆಯಾದಾಗ ಗಂಜಿ ಮಾಡಿ ಕೊಟ್ಟೆಯಾ ಎಂದು ಕೇಳೋಣ. ಇಲ್ಲಿ ನಮ್ಮ ಜಗಲಿಯಲ್ಲಿ ಎಲ್ಲರಿಗೂ ಒಂದೇ ಬಗೆಯ ಲೋಟದಲ್ಲಿ ಕಾಫಿ ಕೊಡೋಣ.