ಕೆರೆಯ ಒಡೆಯ ಯಾರು?

ಮಳೆ ನಿಂತ ಮಾರನೇ ಮುಂಜಾನೆ ಅಪ್ಪ ಕೆರೆಯ ಏರಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಒಸರುವ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡುತ್ತಿದ್ದ. ತಿಳಿಯಾಗಿದ್ದರೆ ಮನೆಗೆ ಬಂದು ರೊಟ್ಟಿ ಮುರಿಯುತ್ತಿದ್ದ. ರಾಡಿಯಾಗಿದ್ದರೆ ಉಣ್ಣುತ್ತಿರಲಿಲ್ಲ, ಓಣಿಯ ನಾಲ್ಕು ಮಂದಿಯನ್ನು ಎಬ್ಬಿಸುತ್ತಿದ್ದ. "ತಿಳಿನೀರು ಬಂದ್ರ ನೀರಷ್ಟೇ ಹೋತು. ರಾಡಿ ಬಂದ್ರ ಏರಿನೇ ಹೊಂಟದ ತಮ್ಮಾ." ಒಳಗಿನ ಮಣ್ಣು ನೀರಿನ ಜತೆ ಕೊಚ್ಚಿ ಬಿಲ ಬಿದ್ದರೆ ಏರಿ ಒಡೆಯಲು ಒಂದು ರಾತ್ರಿ ಸಾಕು. ಆ ಕೆರೆ ಅಪ್ಪನದೇನೂ ಆಗಿರಲಿಲ್ಲ.

ಹಾಗಾದರೆ ಯಾರದು? ಈ ವಯಸ್ಸಿನಲ್ಲಿ ನನ್ನನ್ನು ಕಾಡುವ ಪ್ರಶ್ನೆ ಇದೇ.

ನಾವು ಮುಡಬಿಯವರು, ಕಲ್ಯಾಣದ ನೆರಳಲ್ಲೇ ಬೆಳೆದವರು. ನೆಲ, ನೀರು ಎಲ್ಲ ಶಿವನದು, ನನ್ನದೆಂಬುದೇ ಇಲ್ಲ ಎಂದು ಪ್ರವಚನಗಳಲ್ಲಿ ಕೇಳುತ್ತಲೇ ಬಂದೆವು. ಇತ್ತ ದೆಹಲಿಯ ಕಾನೂನು ಬೇರೆ ಮಾತಾಡುತ್ತದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಜಾರಿಗೆ ಬಂದದ್ದು ಆ ವರ್ಷದ ಡಿಸೆಂಬರ್ 30ರಂದು. ಅದು ಮೊದಲು ಹುಡುಕುವುದು ಅಣೆಕಟ್ಟಿನ ಒಡೆಯನನ್ನು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೊಮ್ಮೆ ತಪಾಸಣೆ ಮಾಡಿಸುವವನು ಅವನು. ಒಡೆದರೆ ಯಾವ ಊರು ಮುಳುಗುತ್ತದೆ, ಯಾರಿಗೆ ಸುದ್ದಿ ಮುಟ್ಟಿಸಬೇಕು ಎಂಬ ಯೋಜನೆಯನ್ನು ಐದು ವರ್ಷದೊಳಗೆ ಬರೆದಿಡುವವನೂ ಅವನೇ. ಆದರೆ ಕಾಯ್ದೆ ಹಿಡಿಯುವುದು 15 ಮೀಟರ್‌ಗಿಂತ ಎತ್ತರದ್ದನ್ನು, ಕೆಲವು ಷರತ್ತಿಗೆ ಒಳಪಟ್ಟರೆ 10 ಮೀಟರ್ ಮೇಲಿನದನ್ನು. ಅಪ್ಪ ಕೂರುತ್ತಿದ್ದ ಏರಿ ಆ ಅಳತೆಗೆ ಸಿಗುವುದಿಲ್ಲ.

ಸಿದ್ಧರಾಮನ ಕಥೆ ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ಸೊನ್ನಲಿಗೆ ಅಂದರೆ ಇಂದಿನ ಸೊಲ್ಲಾಪುರ, ಹೆದ್ದಾರಿ ಹಿಡಿದರೆ ಅರ್ಧ ದಿನದಲ್ಲಿ ಹೋಗಿ ಬರಬಹುದು. ಅಲ್ಲಿ ಕೆರೆ ತೋಡಿಸುತ್ತಿದ್ದವನನ್ನು ಅಲ್ಲಮ ಹೀಗಳೆದು ಮಾತಾಡಿದ, ಕೆಲಸದವರು ಸಿಟ್ಟಿಗೆದ್ದು ಕಲ್ಲು ಬೀರಿದರು ಎನ್ನುತ್ತದೆ ಶೂನ್ಯಸಂಪಾದನೆ. ಅಲ್ಲಮನ ತಕರಾರು ಕೆರೆಯ ಮೇಲಲ್ಲ, 'ನಾನು ಕಟ್ಟಿಸಿದೆ' ಎಂಬುದರ ಮೇಲೆ. ಸಿದ್ಧರಾಮ ಒಪ್ಪಿ ಕಲ್ಯಾಣಕ್ಕೆ ಬಂದ. ನಾನೂ ಬಹಳ ಕಾಲ ಅಲ್ಲಮನ ಕಡೆಯವನೇ. ಆದರೆ ಅಲ್ಲಮ ಏರಿಯ ಕೆಳಗೆ ಹೊಲ ಮಾಡಿದವನಲ್ಲ!

2020ರ ಅಕ್ಟೋಬರ್ ಮಳೆಗೆ ನನ್ನ ತೊಗರಿ ಮೂರು ದಿನ ನೀರಲ್ಲಿ ನಿಂತಿತು, ಕೊಯ್ದಿಟ್ಟ ಸೋಯಾ ಬಣವೆಯಲ್ಲೇ ಮೊಳಕೆಯೊಡೆಯಿತು. ಏರಿಯ ಒಂದು ಮೂಲೆ ಕುಸಿಯಿತು. ಅದನ್ನು ಹೇಳಲು ಒಂದು ಕಚೇರಿಗೆ ಹೋದೆ, ಅವರು ಇನ್ನೊಂದನ್ನು ತೋರಿಸಿದರು. ಅಲ್ಲಿದ್ದ ಹುಡುಗ ಸೌಜನ್ಯದಿಂದಲೇ ಅಂದ: "ಎಲ್ಲಾ ದೇವರ ಕೈಯಾಗದ ಬಿಡ್ರಿ ಕಾಕಾ." ನಾವು ಪ್ರವಚನದಲ್ಲಿ ಕಲಿತದ್ದನ್ನೇ ಅವನು ನನಗೆ ಒಪ್ಪಿಸಿದ್ದ. ಒಡೆತನವನ್ನು ಶಿವನಿಗೆ ಒಪ್ಪಿಸುವುದು ಬೇರೆ, ಇಲಿ ತೋಡಿದ ಬಿಲ ಮುಚ್ಚುವ ಕೆಲಸವನ್ನೂ ಅವನ ತಲೆಗೆ ಕಟ್ಟುವುದು ಬೇರೆ. ಎರಡನೆಯದು ಸೋಮಾರಿತನ. ಅದಕ್ಕೆ ವಿಭೂತಿ ಹಚ್ಚಿದರೆ ಭಕ್ತಿಯಾಗದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅಷ್ಟು ದೊಡ್ಡ ಕಟ್ಟೆಗೂ ಹೀಗಾಯಿತು, ನಿಜ. ಆದರೆ ಯಾರನ್ನು ಕೇಳಬೇಕೆಂದು ನಾಡಿಗೆಲ್ಲ ಗೊತ್ತಿತ್ತು, ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂತಿತು.

ನಮ್ಮ ತಾಲ್ಲೂಕಿನ ನೆತ್ತಿಯ ಮೇಲೆ ಬಿದ್ದ ಮಳೆ ಒಂದು ಕಡೆ ಮಾಂಜ್ರಾ ಸೇರಿ ಗೋದಾವರಿಗೆ, ಇನ್ನೊಂದು ಕಡೆ ಮುಲ್ಲಾಮಾರಿ, ಕಾಗಿಣಾ, ಭೀಮೆ ಹಿಡಿದು ಕೃಷ್ಣೆಗೆ ಹೋಗುತ್ತದೆ. ನಾವು ಎಲ್ಲರಿಗಿಂತ ಮೇಲಿದ್ದೇವೆ, ಇಲ್ಲಿ ಏರಿ ಜಾರಿದರೆ ಮೊದಲು ನೆನೆಯುವುದು ಕೆಳಗಿನವರ ಮನೆ.

ಮಿರಗದ ಮಳೆಗೆ ಇನ್ನು ಮೂರು ವಾರ. ಏರಿಯ ಮೇಲೆ ಜಾಲಿ ಎದ್ದಿದೆ, ತೂಬಿನ ಬಲಕ್ಕೆ ಎರಡು ಬಿಲ ಇವೆ. ಬರುವ ಸೋಮವಾರ ಬೆಳಿಗ್ಗೆ ನಾನಲ್ಲಿರುತ್ತೇನೆ. ಗುದ್ದಲಿ ಇದ್ದವರು ತನ್ನಿ.